ಹೋಮಿ ಭಾಭಾ: ಅಣುವಿನ ಲೆಕ್ಕ, ಸೂರ್ಯನ ಲೆಕ್ಕ

2024ರಲ್ಲಿ ಕೇರಳದಲ್ಲಿ ಅಣುವಿದ್ಯುತ್ ಸ್ಥಾವರದ ಮಾತು ಮತ್ತೆ ಎದ್ದಾಗ, ಪತ್ರಿಕೆಗಳಲ್ಲಿ ಕಾಣಿಸಿಕೊಂಡ ಸ್ಥಳಗಳ ಹೆಸರುಗಳಲ್ಲಿ ನಮ್ಮ ಜಿಲ್ಲೆಯ ಚೀಮೇನಿಯದೂ ಒಂದಾಗಿತ್ತು. ಇದೇ ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಮಂಜೇಶ್ವರ ತಾಲೂಕಿನ ಪೈವಳಿಕೆಯಲ್ಲಿ, 50 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರ 2021ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿದೆ. ಅಣುವೇ, ಸೂರ್ಯನೇ ಎಂಬ ಪ್ರಶ್ನೆ ಹೀಗೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ. ಆದರೆ ಪ್ರಶ್ನೆ ಹೊಸತಲ್ಲ. ಆರೇಳು ದಶಕಗಳ ಹಿಂದೆಯೇ ಮುಂಬಯಿಯ ಒಂದೇ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಇಬ್ಬರು ಮಹಾ ಮೇಧಾವಿಗಳ ನಡುವೆ ಇದು ಎದ್ದಿತ್ತು. ಅವರಲ್ಲಿ ಒಬ್ಬರು ಆ ಸಂಸ್ಥೆಯನ್ನು ಕಟ್ಟಿದವರೇ ಆದ ಡಾ. ಹೋಮಿ ಜಹಂಗೀರ ಭಾಭಾ. ನಮ್ಮ ಶಾಲೆಗಳ ವಿಜ್ಞಾನ ಪಾಠದಲ್ಲಿ ಅವರ ಹೆಸರು ಒಂದು ಸಾಲಿನಲ್ಲಿ ಬಂದು ಮುಗಿಯುತ್ತದೆ. ರಾಷ್ಟ್ರದ ವಿದ್ಯುತ್ ನೀತಿಯನ್ನು ಅರಿಯಬೇಕೆನ್ನುವವರು ಮಾತ್ರ ಅವರ ಬದುಕನ್ನು ಸ್ವಲ್ಪ ವಿವರವಾಗಿಯೇ ತಿಳಿಯುವುದು ಒಳ್ಳೆಯದು.

ಮೈಸೂರಿನ ಸಂಬಂಧ

ಭಾಭಾ ಅವರು 1909ನೇ ಇಸವಿ ಅಕ್ಟೋಬರ್ 30ರಂದು ಮುಂಬಯಿಯ ಸಂಪನ್ನ ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. ಹುಟ್ಟಿದ್ದು ಮುಂಬಯಿಯಲ್ಲಾದರೂ ಕನ್ನಡ ನಾಡಿನೊಂದಿಗೆ ಆ ಮನೆತನಕ್ಕೆ ಹಳೆಯ ನಂಟು. ಅವರ ಅಜ್ಜ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಂಗೀರ ಭಾಭಾ ಬೆಳೆದದ್ದು ಬೆಂಗಳೂರಿನಲ್ಲಿ. ಅವರು ಮುಂದೆ ಮುಂಬಯಿಯಲ್ಲಿ ವಕೀಲರಾಗಿ ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿಯವರು ಸರ್ ದೊರಾಬ್‌ಜಿ ತಾತಾ ಅವರ ಪತ್ನಿ. ಉಕ್ಕಿನ ಕಾರ್ಖಾನೆ, ಜಲವಿದ್ಯುತ್ತಿನ ಅಣೆಕಟ್ಟುಗಳಂತಹ ದೊಡ್ಡ ಉದ್ಯಮಗಳ ಮಾತು ಬಾಲಕ ಹೋಮಿಯ ಕಿವಿಗೆ ಮನೆಯಲ್ಲಿಯೇ ಬೀಳುತ್ತಿತ್ತು. ಮನೆಯ ಪುಸ್ತಕ ಭಂಡಾರ, ಪಾಶ್ಚಾತ್ಯ ಸಂಗೀತದ ತಟ್ಟೆಗಳು, ಚಿತ್ರಕಲೆಯ ಅಭ್ಯಾಸ ಇವೆಲ್ಲ ಅವರನ್ನು ಬರಿಯ ಲೆಕ್ಕದ ಹುಡುಗನಾಗಲು ಬಿಡಲಿಲ್ಲ.

ಮಗ ಎಂಜಿನಿಯರನಾಗಿ ಬಂದು ಜಮ್ಷೆಡ್‌ಪುರದ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯಲಿ ಎಂಬುದು ಹಿರಿಯರ ಅಪೇಕ್ಷೆ. 1927ರಲ್ಲಿ ಅವರನ್ನು ಕೇಂಬ್ರಿಜ್ಜಿಗೆ ಕಳುಹಿಸಲಾಯಿತು. ಅಲ್ಲಿ ಭೌತಶಾಸ್ತ್ರ ಹೊಸ ಯುಗವನ್ನು ತೆರೆಯುತ್ತಿದ್ದ ಕಾಲವದು. ತರುಣನ ಮನಸ್ಸು ಯಂತ್ರಗಳನ್ನು ಬಿಟ್ಟು ಅಣುವಿನ ಕಡೆಗೆ ಹರಿಯಿತು. ತಂದೆಗೆ ಬರೆದು ವಿನಂತಿಸಿಕೊಂಡಾಗ, ಮೊದಲು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದು ತೋರಿಸಬೇಕು, ಆಮೇಲೆ ಗಣಿತವನ್ನು ಓದಿಸುತ್ತೇವೆ ಎಂಬ ಕರಾರು ಬಂತು. 1930ರಲ್ಲಿ ಭಾಭಾ ಪ್ರಥಮ ದರ್ಜೆಯಲ್ಲಿಯೇ ತೇರ್ಗಡೆಯಾದರು, ತಂದೆಯೂ ಮಾತು ಉಳಿಸಿಕೊಂಡರು. ಎಂಜಿನಿಯರನ ಕೈ, ಗಣಿತಜ್ಞನ ಬುದ್ಧಿ ಎರಡೂ ಒಬ್ಬರಲ್ಲಿ ಕೂಡಿಬಂದದ್ದು ಮುಂದೆ ರಾಷ್ಟ್ರಕ್ಕೇ ಪ್ರಯೋಜನವಾಯಿತು.

ಎಲೆಕ್ಟ್ರಾನು ಮತ್ತು ಪಾಸಿಟ್ರಾನುಗಳು ಒಂದಕ್ಕೊಂದು ತಾಗಿ ಚದರುವ ರೀತಿಯನ್ನು ಅವರು ಲೆಕ್ಕ ಹಾಕಿ ತೋರಿಸಿದರು. ಭೌತಶಾಸ್ತ್ರದ ಗ್ರಂಥಗಳಲ್ಲಿ ಅದಕ್ಕೆ ಇಂದಿಗೂ ಅವರದೇ ಹೆಸರು. ಆಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣವನ್ನು ಹೊಕ್ಕಾಗ ಕಣಗಳ ಮಳೆಯೇ ಸುರಿಯುವುದೇಕೆ ಎಂಬುದನ್ನು 1937ರಲ್ಲಿ ಹೈಟ್ಲರ್ ಎಂಬ ವಿಜ್ಞಾನಿಯೊಂದಿಗೆ ವಿವರಿಸಿದರು. ಮೂವತ್ತು ತುಂಬುವ ಮೊದಲೇ ಅವರ ಹೆಸರು ಯುರೋಪಿನ ವಿದ್ವಾಂಸರಿಗೆಲ್ಲ ಪರಿಚಿತವಾಗಿತ್ತು.

ಬೆಂಗಳೂರಿನಲ್ಲಿ ಬದಲಾದ ದಾರಿ

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಎರಡನೆಯ ಮಹಾಯುದ್ಧ ಆರಂಭವಾಯಿತು. ಹಿಂತಿರುಗುವ ದಾರಿ ಮುಚ್ಚಿಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಆಗ ಸರ್ ಸಿ.ವಿ. ರಾಮನ್ ಅವರು ಭೌತಶಾಸ್ತ್ರ ವಿಭಾಗವನ್ನು ನಡೆಸುತ್ತಿದ್ದರು. ಭಾಭಾ ಅಲ್ಲಿ ರೀಡರ್ ಆಗಿ ಸೇರಿ, ತಾತಾ ನಿಧಿಯ ನೆರವಿನಿಂದ ವಿಶ್ವಕಿರಣಗಳ ಸಂಶೋಧನೆಗೆ ಒಂದು ವಿಭಾಗವನ್ನೇ ತೆರೆದರು. ವಿಕ್ರಮ ಸಾರಾಭಾಯಿ ಎಂಬ ಇನ್ನೊಬ್ಬ ತರುಣನೂ ಅಲ್ಲಿದ್ದರು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಭಾಭಾ ಅವರನ್ನು ಸದಸ್ಯರನ್ನಾಗಿ ಆರಿಸಿತು. ಅವರಿಗೆ ಆಗಿನ್ನೂ ಮೂವತ್ತೊಂದು ವರ್ಷ.

ಯುದ್ಧ ಮುಗಿದೊಡನೆ ಕೇಂಬ್ರಿಜ್ಜಿಗೆ ಮರಳುವುದು ಅವರ ಮೊದಲಿನ ಯೋಚನೆಯಾಗಿತ್ತು. ಬೆಂಗಳೂರಿನ ಐದಾರು ವರ್ಷಗಳು ಅದನ್ನು ಬದಲಿಸಿದುವು. ಯೋಗ್ಯವಾದ ಅನುಕೂಲವಿದ್ದರೆ ಸ್ವದೇಶದಲ್ಲಿಯೇ ದುಡಿಯುವುದು ಕರ್ತವ್ಯ, ಅನುಕೂಲವಿಲ್ಲದಿದ್ದರೆ ಅದನ್ನು ಕಟ್ಟಿಕೊಳ್ಳಬೇಕು ಎಂಬ ನಿಶ್ಚಯಕ್ಕೆ ಅವರು ಬಂದರು. 1944ರ ಮಾರ್ಚ್ 12ರಂದು ಸರ್ ದೊರಾಬ್‌ಜಿ ತಾತಾ ನಿಧಿಗೆ ಅವರು ಬರೆದ ಪತ್ರ ನಮ್ಮ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾದುದು. ಮೂಲ ಸಂಶೋಧನೆಗೆ ಒಂದು ಸಂಸ್ಥೆ ಬೇಕೆಂದೂ, ಕೆಲವು ದಶಕಗಳಲ್ಲಿ ಅಣುವಿನಿಂದ ವಿದ್ಯುತ್ತು ತೆಗೆಯುವ ಕಾಲ ಬಂದಾಗ ಭಾರತ ಪರದೇಶದ ತಜ್ಞರಿಗಾಗಿ ಕಾಯುವ ಸ್ಥಿತಿ ಇರಬಾರದೆಂದೂ ಅದರ ತಾತ್ಪರ್ಯ. ಹಿರೋಶಿಮಾದ ಮೇಲೆ ಬಾಂಬು ಬೀಳಲು ಆಗ ಇನ್ನೂ ಸುಮಾರು ಒಂದೂವರೆ ವರ್ಷವಿತ್ತು ಎಂಬುದನ್ನು ಗಮನಿಸಬೇಕು. ಅಣುಶಕ್ತಿ ಎಂದರೆ ಲೋಕಕ್ಕೆ ಇನ್ನೂ ನಾಶದ ನೆನಪಾಗದಿದ್ದ ಕಾಲದಲ್ಲಿ ಅವರು ದೀಪದ ಮಾತನ್ನು ಆಡಿದ್ದರು.

1945ರ ಜೂನ್‌ನಲ್ಲಿ ತಾತಾ ಮೂಲ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಪ್ರಾರಂಭವಾಗಿ, ಆ ವರ್ಷದ ಕೊನೆಗೆ ಮುಂಬಯಿಗೆ ಸ್ಥಳಾಂತರಗೊಂಡಿತು. ಕಟ್ಟಡವನ್ನು ಮೊದಲು ಕಟ್ಟಿ ಆಮೇಲೆ ಜನರನ್ನು ಹುಡುಕುವುದು ಭಾಭಾ ಅವರ ಪದ್ಧತಿಯಲ್ಲ. ಯೋಗ್ಯ ವ್ಯಕ್ತಿಯನ್ನು ಮೊದಲು ಗುರುತಿಸಿ, ಅವರ ಸುತ್ತ ಕೆಲಸವನ್ನು ಬೆಳೆಸುವುದು ಅವರ ಕ್ರಮ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ, ಬೆಂಗಳೂರಿನ ಎಂ.ಆರ್. ಶ್ರೀನಿವಾಸನ್ ಮೊದಲಾದವರು ಹೀಗೆ ಅವರ ಬಳಗಕ್ಕೆ ಬಂದವರು. ಇಬ್ಬರೂ ಮುಂದೆ ರಾಷ್ಟ್ರದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು.

ಕೇರಳದ ಮರಳು

1948ರಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾದಾಗ ಭಾಭಾ ಅವರೇ ಅಧ್ಯಕ್ಷರು. 1954ರ ಆಗಸ್ಟ್‌ನಲ್ಲಿ ಅದಕ್ಕೆ ಪ್ರತ್ಯೇಕ ಇಲಾಖೆಯಾಯಿತು. ಅದರ ಕಾರ್ಯದರ್ಶಿಯೂ ಅವರೇ. ಪ್ರಧಾನಿ ನೆಹರೂ ಅವರ ಪೂರ್ಣ ವಿಶ್ವಾಸ ಅವರ ಬೆನ್ನಿಗಿತ್ತು.

ಅಧಿಕಾರ ಕೈಗೆ ಬಂದಾಗ ಭಾಭಾ ಮೊದಲು ಮಾಡಿದ್ದು ಮನೆಯೊಡೆಯನೊಬ್ಬ ಮಾಡುವ ಕೆಲಸ. ನಮ್ಮ ಉಗ್ರಾಣದಲ್ಲಿ ಏನಿದೆ, ಏನಿಲ್ಲ ಎಂದು ನೋಡಿದರು. ಯುರೇನಿಯಂ ನಮ್ಮಲ್ಲಿ ಕಡಮೆ, ಇದ್ದುದೂ ಸಾಧಾರಣ ದರ್ಜೆಯ ಅದಿರು. ಆದರೆ ಥೋರಿಯಂ ಎಂಬ ಇನ್ನೊಂದು ಲೋಹ ಹೇರಳವಾಗಿತ್ತು. ಅದಿದ್ದುದು ಮುಖ್ಯವಾಗಿ ತಿರುವಾಂಕೂರಿನ ಕಡಲ ತೀರದಲ್ಲಿ, ಚವರ ಮತ್ತು ಮಣವಾಳಕುರಿಚಿಗಳ ಮರಳಿನಲ್ಲಿ. ಈ ಮರಳಿನ ಕಥೆಯೂ ವಿಚಿತ್ರವಾದುದು. ತಿರುವಾಂಕೂರಿನಿಂದ ರಫ್ತಾಗುತ್ತಿದ್ದ ತೆಂಗಿನ ನಾರಿಗೆ ಅಂಟಿಕೊಂಡು ಹೋದ ಮರಳಿನಲ್ಲಿ ಮೋನಜೈಟ್ ಎಂಬ ಖನಿಜ ಇರುವುದನ್ನು ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಪತ್ತೆಹಚ್ಚಿದ್ದು 1909ರ ಸುಮಾರಿಗೆ, ಅಂದರೆ ಭಾಭಾ ಹುಟ್ಟಿದ ಕಾಲಕ್ಕೆ. ಆಗ ಅದರಿಂದ ತೆಗೆದ ಥೋರಿಯಂ ಗ್ಯಾಸ್‌ಲೈಟಿನ ಮ್ಯಾಂಟಲ್ ತಯಾರಿಕೆಗೆ ಬೇಕಾಗುತ್ತಿತ್ತು. ಬಯಲಾಟದ ರಂಗಸ್ಥಳದಲ್ಲಿ ಉರಿದ ಗ್ಯಾಸ್‌ಲೈಟನ್ನು ನೋಡಿದ ಹಿರಿಯರು, ಆ ಬೆಳ್ಳನೆಯ ಬೆಳಕಿಗೆ ಥೋರಿಯಂ ಕಾರಣವೆಂದು ತಿಳಿದರೆ ಆಶ್ಚರ್ಯಪಟ್ಟಾರು. ಈ ಮರಳು ಇನ್ನು ಮುಂದೆ ಹಡಗೇರಿ ಹೋಗಬಾರದೆಂದು ತೀರ್ಮಾನವಾಗಿ, 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಎಂಬ ಕಂಪೆನಿ ಹುಟ್ಟಿತು. ಆಲುವಾದಲ್ಲಿ ಅದರ ಕಾರ್ಖಾನೆ 1952ರಲ್ಲಿ ಆರಂಭವಾಯಿತು.

ಥೋರಿಯಂ ತಾನಾಗಿ ಉರಿಯುವ ಇಂಧನವಲ್ಲ, ತೊಡಕಿರುವುದು ಇಲ್ಲಿಯೇ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಯುರೇನಿಯಮಿನ ಒಂದು ಸಣ್ಣ ಭಾಗ, ನೂರರಲ್ಲಿ ಒಂದು ಪಾಲಿಗೂ ಕಡಮೆಯಾದುದು, ಒಣ ಮಡಲಿನಂತೆ ಒಡನೆ ಹೊತ್ತಿಕೊಳ್ಳುತ್ತದೆ. ಥೋರಿಯಂ ಹಸಿ ಮರದ ದಿಮ್ಮಿ. ಬೆಂಕಿ ಹಚ್ಚಿದರೆ ಹಿಡಿಯದು. ಆದರೆ ಉರಿಯುವ ಒಲೆಯ ಪಕ್ಕದಲ್ಲಿಟ್ಟರೆ ದಿನಕಳೆದಂತೆ ಒಣಗಿ ತಾನೂ ಸೌದೆಯಾಗುತ್ತದೆ. ಭಾಭಾ ಅವರು ಈ ತತ್ತ್ವದ ಮೇಲೆ ಮೂರು ಘಟ್ಟಗಳ ಯೋಜನೆಯನ್ನು 1954ರಲ್ಲಿ ರಾಷ್ಟ್ರದ ಮುಂದಿಟ್ಟರು. ಮೊದಲನೆಯ ಘಟ್ಟದಲ್ಲಿ ಇದ್ದಷ್ಟು ಯುರೇನಿಯಮನ್ನು ಉರಿಸಿ ವಿದ್ಯುತ್ತು ಪಡೆಯುವುದು, ಅದರ ಜೊತೆಗೆ ಹುಟ್ಟುವ ಪ್ಲುಟೋನಿಯಮನ್ನು ಬೇರ್ಪಡಿಸಿಡುವುದು. ಎರಡನೆಯದರಲ್ಲಿ ಆ ಪ್ಲುಟೋನಿಯಮಿನ ಒಲೆ ಹೂಡಿ, ಉರಿದುದಕ್ಕಿಂತ ಹೆಚ್ಚು ಇಂಧನವನ್ನು ಬೆಳೆಸುತ್ತಾ, ಪಕ್ಕದಲ್ಲಿ ಥೋರಿಯಮನ್ನಿಟ್ಟು ಹದಗೊಳಿಸುವುದು. ಮೂರನೆಯದರಲ್ಲಿ ಹದಗೊಂಡ ಥೋರಿಯಮಿನಿಂದಲೇ ರಾಷ್ಟ್ರವನ್ನು ಶತಮಾನಗಳ ಕಾಲ ಬೆಳಗಿಸುವುದು. ಪರರ ಕೈನೋಡದೆ, ನಮ್ಮ ನೆಲದಲ್ಲಿರುವುದನ್ನೇ ನಂಬಿ ಹಾಕಿದ ಲೆಕ್ಕ ಇದು.

1955ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯು ಅಣುಶಕ್ತಿಯ ಶಾಂತಿಯುತ ಉಪಯೋಗಗಳ ಬಗ್ಗೆ ಪ್ರಥಮ ಮಹಾಸಮ್ಮೇಳನವನ್ನು ಕರೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಭಾಭಾ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರು ಕೆಲಸ ಮಾಡತೊಡಗಿತು. ಇಂಧನ ಬ್ರಿಟನ್ನಿನಿಂದ ಬಂದಿತ್ತು, ವಿನ್ಯಾಸ ನಮ್ಮವರದು. ನೀರಿನ ಕೊಳದಡಿಯಲ್ಲಿ ಹೊಳೆದ ನೀಲಿ ಬೆಳಕನ್ನು ಕಂಡು ನೆಹರೂ ಅವರು ಆ ಹೆಸರಿಟ್ಟರು. ಕೆನಡಾದ ಸಹಾಯದಿಂದ ‘ಸೈರಸ್’ 1960ರಲ್ಲಿ ಬಂತು. 1964ರಲ್ಲಿ ಪ್ಲುಟೋನಿಯಂ ಬೇರ್ಪಡಿಸುವ ಸ್ಥಾವರವೂ ಟ್ರಾಂಬೆಯಲ್ಲಿ ಸಿದ್ಧವಾಯಿತು.

ಅದೇ ಸಂಸ್ಥೆಯಲ್ಲಿ ಇನ್ನೊಂದು ದನಿ

ಇಷ್ಟೆಲ್ಲ ನಡೆಯುತ್ತಿದ್ದಾಗ ಎಲ್ಲರೂ ತಲೆದೂಗುತ್ತಿದ್ದರೆಂದು ತಿಳಿಯಬೇಕಾಗಿಲ್ಲ. ಖ್ಯಾತ ವಿಜ್ಞಾನಿ ಮೇಘನಾದ ಸಾಹಾ ಅವರು ಲೋಕಸಭೆಯ ಸದಸ್ಯರಾಗಿದ್ದು, ಅಣುಶಕ್ತಿಯ ಕೆಲಸ ಗುಟ್ಟಿನಲ್ಲಿ ನಡೆಯುವುದನ್ನು 1954ರಲ್ಲಿ ಅಲ್ಲಿಯೇ ಟೀಕಿಸಿದರು. ಭಾಭಾ ಅವರ ಸಂಸ್ಥೆಯಲ್ಲಿಯೇ ಇನ್ನೊಬ್ಬರಿದ್ದರು. ಅವರು ದಾಮೋದರ ಧರ್ಮಾನಂದ ಕೋಸಂಬಿ. ಗೋವೆಯಲ್ಲಿ ಹುಟ್ಟಿ, ಅಮೆರಿಕದ ಹಾರ್ವರ್ಡಿನಲ್ಲಿ ಓದಿ, ಗಣಿತಜ್ಞರೆನಿಸಿ, ಪ್ರಾಚೀನ ಭಾರತದ ಚರಿತ್ರೆಗೆ ಹೊಸ ದಾರಿ ತೋರಿದವರು. ತಾತಾ ಸಂಸ್ಥೆಗೆ ಗಣಿತದ ಪ್ರಾಧ್ಯಾಪಕರಾಗಿ ಅವರನ್ನು ಆಹ್ವಾನಿಸಿದವರು ಭಾಭಾ ಅವರೇ. ಪುಣೆಯಿಂದ ಡೆಕ್ಕನ್ ಕ್ವೀನ್ ರೈಲಿನಲ್ಲಿ ಅವರು ಮುಂಬಯಿಗೆ ಬಂದುಹೋಗುತ್ತಿದ್ದರು.

ಭಾರತದಂತಹ ಬಿಸಿಲ ನಾಡಿಗೆ ಅಣುವಿಗಿಂತ ಸೂರ್ಯನೇ ತಕ್ಕವನು ಎಂಬುದು ಕೋಸಂಬಿಯವರ ವಾದ. ಬಿಸಿಲು ಎಲ್ಲ ಹಳ್ಳಿಗೂ ಸಮನಾಗಿ ಬೀಳುತ್ತದೆ. ಅದನ್ನು ಹಂಚಲು ಸಾವಿರ ಮೈಲಿಯ ತಂತಿ ಬೇಕಿಲ್ಲ, ಗುಟ್ಟು ಬೇಕಿಲ್ಲ, ಕಾವಲು ಬೇಕಿಲ್ಲ. ಬಡವರು ಸೆಗಣಿಯನ್ನೂ ಕಾಡನ್ನೂ ಸುಡುವುದು ತಪ್ಪುತ್ತದೆ. ಅಣುವಿದ್ಯುತ್ತಾದರೋ ಬಹಳ ವೆಚ್ಚದ್ದು, ಅಪಾಯದ್ದು. ಇದನ್ನು ಅವರು ಐವತ್ತು ಮತ್ತು ಅರವತ್ತರ ದಶಕಗಳಲ್ಲಿ ಬರೆಯುತ್ತಲೂ ಸಭೆಗಳಲ್ಲಿ ಹೇಳುತ್ತಲೂ ಬಂದರು. ಅಣುಶಕ್ತಿಯ ಮುಖ್ಯ ಪುರುಷನ ಸಂಸ್ಥೆಯಲ್ಲಿದ್ದುಕೊಂಡು ಹೀಗೆ ಹೇಳುವುದು ಸಣ್ಣ ಧೈರ್ಯವಲ್ಲ. ಕ್ರಮೇಣ ಇಬ್ಬರ ಸಂಬಂಧ ಹದಗೆಟ್ಟಿತು. 1962ರಲ್ಲಿ ಕೋಸಂಬಿಯವರ ಕರಾರು ಮುಂದುವರಿಯಲಿಲ್ಲ. ಅದಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೂ ರಾಷ್ಟ್ರಕ್ಕೆ ಬೇಕಾಗಿದ್ದ ಒಂದು ಚರ್ಚೆ ಅಲ್ಲಿಗೆ ಆ ಸಂಸ್ಥೆಯ ಬಾಗಿಲಿನಿಂದ ಹೊರಗೆ ನಡೆಯಿತೆಂಬುದಂತೂ ನಿಜ.

ಆದರೆ ಅಂದಿನ ಸ್ಥಿತಿಯನ್ನು ಅಂದಿನ ಕಣ್ಣಿನಿಂದಲೇ ನೋಡಬೇಕು. ಬಿಸಿಲನ್ನು ನೇರವಾಗಿ ವಿದ್ಯುತ್ತಾಗಿಸುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆ ತೋರಿಸಿದ್ದು 1954ರ ಏಪ್ರಿಲ್‌ನಲ್ಲಿ. ಬಿದ್ದ ಬಿಸಿಲಿನಲ್ಲಿ ಶೇಕಡಾ 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿಸುತ್ತಿತ್ತು. ಬೆಲೆಯೋ ಗಗನಕ್ಕೇರಿದ್ದು. ಆದುದರಿಂದಲೇ ಅದು ಮೊದಲು ಹೋದದ್ದು ಗಗನದ ಉಪಗ್ರಹಗಳಿಗೆ. ಅದೇ 1954ರ ಅಕ್ಟೋಬರಿನಲ್ಲಿ ಗಾಳಿ ಮತ್ತು ಬಿಸಿಲಿನ ಶಕ್ತಿಯ ಬಗ್ಗೆ ಯುನೆಸ್ಕೋದ ವಿಚಾರಗೋಷ್ಠಿಯೊಂದು ದೆಹಲಿಯಲ್ಲಿ ಜರಗಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆ ಆ ದಶಕದಲ್ಲಿ ತಯಾರಿಸಿದ ಸೌರ ಒಲೆ ಜನರ ಮನೆಯೊಳಗೆ ನೆಲೆ ನಿಲ್ಲಲಿಲ್ಲ. ಹೀಗಿರುವಾಗ ಕಲ್ಲಿದ್ದಲ ಗಣಿಗಳಿಂದ ದೂರವಿರುವ ಪಶ್ಚಿಮ ಭಾರತಕ್ಕೆ ಅಣುವಿದ್ಯುತ್ತೇ ದಾರಿಯೆಂದು ಭಾಭಾ ಎಣಿಸಿದುದರಲ್ಲಿ ಅಸಂಗತವೇನೂ ಇರಲಿಲ್ಲ.

ತಪ್ಪಿದ ಎಣಿಕೆ

ಭಾಭಾ ಅವರ ದೃಷ್ಟಿ ದೂರದ್ದು. ಆದರೆ ಕಾಲದ ಎಣಿಕೆಯಲ್ಲಿ ಅವರು ಬಹಳ ಎಡವಿದರು. 1980ರೊಳಗೆ ಭಾರತದಲ್ಲಿ 8,000 ಮೆಗಾವಾಟ್ ಅಣುವಿದ್ಯುತ್ ಸಾಮರ್ಥ್ಯವಿರುವುದೆಂದು 1954ರಲ್ಲಿ ಅಂದಾಜು ಹಾಕಿದ್ದರು. 1962ರ ಅಂದಾಜಿನಲ್ಲಿ 1987ಕ್ಕೆ 20,000ಕ್ಕೂ ಮಿಕ್ಕಿದ ಸಂಖ್ಯೆ ಕಾಣಿಸಿತು. 1980 ಬಂದಾಗ ನಮ್ಮಲ್ಲಿ ಒಂದು ಸಾವಿರ ಮೆಗಾವಾಟ್ ಕೂಡ ಇರಲಿಲ್ಲ. 1987ರಲ್ಲಿ ಹೇಳಿದುದರ ಹತ್ತರಲ್ಲಿ ಒಂದು ಭಾಗವೂ ಇರಲಿಲ್ಲ. 8,000 ಎಂಬ ಆ ಮೊದಲ ಸಂಖ್ಯೆಯನ್ನು ರಾಷ್ಟ್ರ ದಾಟಿದ್ದು 2024ರಲ್ಲಿ, ಗುಜರಾತಿನ ಕಾಕ್ರಾಪಾರದ ನಾಲ್ಕನೆಯ ಘಟಕ ಸೇರಿದ ಮೇಲೆ. ಸೂರ್ಯನೊಳಗೆ ನಡೆಯುವಂತೆ ಅಣುಗಳನ್ನು ಬೆಸೆದು ಶಕ್ತಿ ಪಡೆಯುವ ವಿದ್ಯೆ ಎರಡು ದಶಕಗಳಲ್ಲಿ ಕೈಗೂಡೀತೆಂದು ಜಿನೀವಾದಲ್ಲಿ ಅವರು ನುಡಿದ ಭವಿಷ್ಯವೂ ನಿಜವಾಗಲಿಲ್ಲ.

ವಿಳಂಬಕ್ಕೆ ಕಾರಣಗಳು ಹಲವು. ಯಂತ್ರಭಾಗಗಳನ್ನು ನಮ್ಮ ಕಾರ್ಖಾನೆಗಳು ತಯಾರಿಸಲು ಕಲಿಯಬೇಕಾಯಿತು. 1974ರಲ್ಲಿ ಪೋಖರಣದ ಸ್ಫೋಟ ನಡೆದಾಗ, ಅದರ ಪ್ಲುಟೋನಿಯಂ ‘ಸೈರಸ್’ನಿಂದ ಬಂದುದೆಂದು ಕೆನಡಾ ಸಹಕಾರವನ್ನು ನಿಲ್ಲಿಸಿತು. ದೀಪಕ್ಕೆಂದು ಬೆಳೆಸಿದ ವಿದ್ಯೆಯೇ ಬಾಂಬಿಗೂ ಒದಗಿದುದರ ಬೆಲೆಯನ್ನು ದೀಪ ತೆರಬೇಕಾಯಿತು. ಗುಟ್ಟಿನ ಬಗ್ಗೆ ಸಾಹಾ ಅವರು ಎತ್ತಿದ ಪ್ರಶ್ನೆಗೆ ಇಲ್ಲಿ ಅರ್ಥ ಕಾಣುತ್ತದೆ.

ಇದಾವುದನ್ನೂ ನೋಡಲು ಭಾಭಾ ಉಳಿಯಲಿಲ್ಲ. ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಭೆಗೆಂದು ವಿಯೆನ್ನಾಕ್ಕೆ ಹೊರಟಿದ್ದ ಅವರು, 1966ರ ಜನವರಿ 24ರಂದು ಏರ್ ಇಂಡಿಯಾದ ‘ಕಾಂಚನಜಂಗಾ’ ವಿಮಾನ ಆಲ್ಪ್ಸ್ ಪರ್ವತದ ಮೋಬ್ಲಾಂ ಶಿಖರಕ್ಕೆ ಬಡಿದು ಮಡಿದ 117 ಮಂದಿಯಲ್ಲಿ ಒಬ್ಬರಾದರು. ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ದಿನವೂ ಅದೇ. ಭಾಭಾ ಅವರಿಗೆ ಆಗ ಐವತ್ತಾರು ವರ್ಷ. ಅವಿವಾಹಿತರು. ತಾರಾಪುರದ ಕೆಲಸ ನಡೆಯುತ್ತಿತ್ತು, ರಾಜಸ್ಥಾನದ ಸ್ಥಾವರಕ್ಕೆ ಕೆನಡಾದೊಂದಿಗೆ ಒಪ್ಪಂದವಾಗಿತ್ತು. ಆದರೆ ಭಾರತದ ಅಣುವಿದ್ಯುತ್ತಿನಿಂದ ಉರಿದ ಒಂದು ದೀಪವನ್ನೂ ಅವರು ಕಾಣಲಿಲ್ಲ. ತಾರಾಪುರ ವಿದ್ಯುತ್ತು ಕೊಡತೊಡಗಿದ್ದು 1969ರಲ್ಲಿ. ಸೂರ್ಯನ ಪರ ವಾದಿಸಿದ ಕೋಸಂಬಿಯವರೂ ಅದೇ 1966ರ ಜೂನ್ 29ರಂದು ಪುಣೆಯಲ್ಲಿ ತೀರಿಕೊಂಡರು. ಅಣುವಿನ ಬೆಳಕನ್ನೂ ಸೂರ್ಯನ ವಿದ್ಯುತ್ತನ್ನೂ ಇಬ್ಬರೂ ಕಾಣದೆ ಹೋದರು.

ಟ್ರಾಂಬೆಯ ಕೇಂದ್ರಕ್ಕೆ 1967ರಲ್ಲಿ ಭಾಭಾ ಅವರ ಹೆಸರನ್ನಿಡಲಾಯಿತು. ಕೊಲಾಬಾದ ತಾತಾ ಸಂಸ್ಥೆಯ ಗೋಡೆಗಳಲ್ಲಿ ಅವರು ಕೂಡಿಸಿದ ಚಿತ್ರಗಳು ಇಂದೂ ಇವೆ. ಕಟ್ಟಡಕ್ಕಾಗಿ ಮರ ಕಡಿಯುವುದು ಅವರಿಗೆ ಸಹಿಸದ ವಿಷಯವಾಗಿತ್ತು. ದೊಡ್ಡ ಮರಗಳನ್ನು ಬೇರುಸಹಿತ ಎಬ್ಬಿಸಿ ಬೇರೆಡೆ ನೆಡಿಸಿದ್ದುಂಟು.

ಕೈಗಾ ಹೇಳುವುದೇನು

ಭಾಭಾ ಅವರ ಯೋಜನೆಯ ಗುಣದೋಷಗಳನ್ನು ನೋಡಲು ನಾವು ದೂರ ಹೋಗಬೇಕಿಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಕಾಳಿ ನದಿಯ ಕಾಡಿನಲ್ಲಿ ಇದು ಬೇಡವೆಂದು ಹೋರಾಡಿದವರಲ್ಲಿ ಡಾ. ಶಿವರಾಮ ಕಾರಂತರು ಮುಖ್ಯರು. 1989ರಲ್ಲಿ ಅದಕ್ಕಾಗಿಯೇ ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದಾಗಲೇ, ಮೊದಲನೆಯ ಘಟಕದ ಗುಮ್ಮಟದ ಒಳಭಾಗ ಕುಸಿದುಬಿತ್ತು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಅನಾಹುತ ಆಗಲಿಲ್ಲ. ಕಾರಂತರ ಆತಂಕ ಅಕಾರಣವಲ್ಲವೆಂದು ಅಂದು ಅನೇಕರಿಗೆ ಅನಿಸಿತು. ಅದೇ ಮೊದಲನೆಯ ಘಟಕ, ವಿನ್ಯಾಸ ತಿದ್ದಿ ಕಟ್ಟಿದ ಮೇಲೆ, 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಅಂದಿನ ಜಾಗತಿಕ ದಾಖಲೆಯನ್ನು ನಿರ್ಮಿಸಿತು. ಎರಡೂ ಘಟನೆಗಳು ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮರೆಸುವುದು ವಿಜ್ಞಾನವೂ ಅಲ್ಲ, ಹೋರಾಟವೂ ಅಲ್ಲ. ಕೈಗಾ, ಕೂಡಂಕುಳಂಗಳ ವಿದ್ಯುತ್ತಿನಲ್ಲಿ ಕೇರಳಕ್ಕೂ ಪಾಲಿದೆ ಎಂಬುದನ್ನು ನಾವು ಮರೆಯುವಂತಿಲ್ಲ.

ಇತ್ತ ಸೂರ್ಯನ ಲೆಕ್ಕ ತಲೆಕೆಳಗಾಯಿತು. 2014ರ ಆರಂಭದಲ್ಲಿ ಭಾರತದ ಸೌರವಿದ್ಯುತ್ ಸಾಮರ್ಥ್ಯ ಮೂರು ಸಾವಿರ ಮೆಗಾವಾಟಿಗೂ ಕಡಮೆಯಿತ್ತು. 2025ರ ಜನವರಿಯಲ್ಲಿ ಅದು ಒಂದು ಲಕ್ಷವನ್ನು ದಾಟಿತು. ಅಣುಶಕ್ತಿ ಎಪ್ಪತ್ತು ವರ್ಷಗಳಲ್ಲಿ ಮಾಡಲಾರದ್ದನ್ನು ಸೂರ್ಯ ಹನ್ನೊಂದು ವರ್ಷಗಳಲ್ಲಿ ಮಾಡಿದಂತೆ ಇದು ಕಾಣುತ್ತದೆ. ಆದರೆ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಬಾರದು. ಸೌರ ಫಲಕ ಹಗಲು ಮಾತ್ರ ದುಡಿಯುತ್ತದೆ. ಮೋಡ ಕವಿದರೆ ಸೊರಗುತ್ತದೆ. ವರ್ಷದ ಸರಾಸರಿ ತೆಗೆದರೆ ತನ್ನ ಸಾಮರ್ಥ್ಯದ ಐದರಲ್ಲಿ ಒಂದು ಭಾಗದಷ್ಟನ್ನು ಕೊಡುತ್ತದೆ. ಅಣುಸ್ಥಾವರ ಚೆನ್ನಾಗಿ ನಡೆದರೆ ಐದರಲ್ಲಿ ನಾಲ್ಕು ಭಾಗವನ್ನು ಹಗಲಿರುಳೂ ಕೊಡುತ್ತದೆ. ಹಾಗೆ ನೋಡಿದರೆ ಒಂದು ಲಕ್ಷ ಮೆಗಾವಾಟ್ ಸೌರಶಕ್ತಿಯ ವರ್ಷದ ದುಡಿಮೆ ಸುಮಾರು 25,000 ಮೆಗಾವಾಟ್ ಅಣುಶಕ್ತಿಯ ದುಡಿಮೆಗೆ ಸಮ. ಆಗಲೂ ಸೂರ್ಯನೇ ಮುಂದು. ಆದರೆ ಆಟಿಯ ಜಡಿಮಳೆಯಲ್ಲಿ, ಸೂರ್ಯನ ಮುಖವೇ ಕಾಣದ ದಿನಗಳಲ್ಲಿ, ರಾತ್ರಿ ಏಳು ಗಂಟೆಗೆ ಮಕ್ಕಳು ಪುಸ್ತಕ ಹಿಡಿದು ಕುಳಿತಾಗ ದೀಪ ಯಾವುದರಿಂದ ಉರಿಯಬೇಕು? ಇಂದಿಗೆ ಅದಕ್ಕೆ ಉತ್ತರ ಬಹುಮಟ್ಟಿಗೆ ಕಲ್ಲಿದ್ದಲು. 2024ರಲ್ಲಿ ರಾಷ್ಟ್ರದ ವಿದ್ಯುತ್ತಿನ ಮೂರರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಕಲ್ಲಿದ್ದಲಿನಿಂದಲೇ ಬಂತು. ಅಣುವಿನಿಂದ ಬಂದದ್ದು ನೂರಕ್ಕೆ ಮೂರರಷ್ಟು. ಅಂದರೆ ನಿಜವಾದ ಸ್ಪರ್ಧೆ ಅಣುವಿಗೂ ಸೂರ್ಯನಿಗೂ ಅಲ್ಲ. ಕಲ್ಲಿದ್ದಲ ಹೊಗೆಯ ಜಾಗಕ್ಕೆ ಇವೆರಡೂ, ಜೊತೆಗೆ ಗಾಳಿ, ನೀರು ಮತ್ತು ಬ್ಯಾಟರಿಗಳೂ, ಹೇಗೆ ಬರಬೇಕು ಎಂಬುದೇ ಪ್ರಶ್ನೆ. ಹಗಲಿನ ದುಡಿಮೆಗೆ ಸೂರ್ಯ, ಎಡೆಬಿಡದ ದುಡಿಮೆಗೆ ಅಣು ಎಂದು ಹಂಚಿಕೊಂಡರೆ ಭಾಭಾ ಮತ್ತು ಕೋಸಂಬಿ ಇಬ್ಬರ ಮಾತಿಗೂ ಇಲ್ಲಿ ಸ್ಥಾನವಿದೆ.

2047ರೊಳಗೆ ಒಂದು ಲಕ್ಷ ಮೆಗಾವಾಟ್ ಅಣುವಿದ್ಯುತ್ತಿನ ಗುರಿಯನ್ನು ಕೇಂದ್ರ ಸರಕಾರ 2025ರ ಮುಂಗಡಪತ್ರದಲ್ಲಿ ಘೋಷಿಸಿದೆ. ಈ ಸಂಖ್ಯೆಯನ್ನು ಓದುವಾಗ 1954ರ ಸಂಖ್ಯೆಯೂ ನೆನಪಿಗೆ ಬರಬೇಕು. ಭಾಭಾ ಅವರ ಎರಡನೆಯ ಘಟ್ಟಕ್ಕೆ ಸೇರಿದ ಕಲ್ಪಾಕ್ಕಂನ ದೊಡ್ಡ ರಿಯಾಕ್ಟರಿನ ನಿರ್ಮಾಣ 2004ರಲ್ಲಿ ಆರಂಭವಾಗಿ, ಅದರ ಕೋರ್ ತುಂಬುವ ಕೆಲಸ ತೊಡಗಿದ್ದು 2024ರ ಮಾರ್ಚ್‌ನಲ್ಲಿ. ಚವರದ ಮರಳಿನ ಥೋರಿಯಂ ಇನ್ನೂ ತನ್ನ ಸರದಿಗಾಗಿ ಕಾಯುತ್ತಿದೆ. ದೂರದ ಆಸೆಯನ್ನು ನಂಬಿ ಹತ್ತಿರದ ಬಿಸಿಲನ್ನು ಬಿಡುವುದು ಜಾಣತನವಲ್ಲ. ಬಿಸಿಲು ಅಗ್ಗವಾಯಿತೆಂದು ಎಪ್ಪತ್ತು ವರ್ಷಗಳ ವಿದ್ಯೆಯನ್ನು ತುಕ್ಕು ಹಿಡಿಯಲು ಬಿಡುವುದೂ ಜಾಣತನವಲ್ಲ.

ಇನ್ನು ಚೀಮೇನಿಯ ಮಾತು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗಲೂ, ಭಯವೇನೂ ಇಲ್ಲವೆಂದೇ ತಿಳಿದವರು ಹೇಳಿದ್ದರು. ಅದರ ಫಲವನ್ನು ಇಂದಿಗೂ ಉಣ್ಣುತ್ತಿರುವ ಮನೆಗಳು ನಮ್ಮ ನೆರೆಯಲ್ಲಿವೆ. ಚೆರ್ನೋಬಿಲ್ 1986ರಲ್ಲಿ, ಫುಕುಶಿಮಾ 2011ರಲ್ಲಿ ಭಾಭಾ ಅವರ ಪೀಳಿಗೆ ಕಾಣದಿದ್ದುದನ್ನು ಜಗತ್ತಿಗೆ ತೋರಿಸಿವೆ. ಹೀಗಿರುವಾಗ ಸ್ಥಾವರದ ಮಾತು ಬಂದರೆ ಇಲ್ಲಿಯ ಜನ ಪ್ರಶ್ನೆ ಕೇಳುವುದು ಅವಿವೇಕವಲ್ಲ, ಅವರ ಹಕ್ಕು. ತಣಿಸಲು ನೀರು ಎಲ್ಲಿಂದ, ಉರಿದುಳಿದ ಇಂಧನವನ್ನು ಎಲ್ಲಿಡುತ್ತೀರಿ, ಅಪಾಯ ಬಂದರೆ ಯಾರು ಹೊಣೆ, ಒಕ್ಕಲೆದ್ದವರಿಗೆ ನೆಲ ಎಲ್ಲಿ ಎಂದು ಕೇಳಬೇಕು. ಉತ್ತರ ನಮ್ಮ ಜನಕ್ಕೆ ತಿಳಿಯುವ ಭಾಷೆಗಳಲ್ಲಿ, ಮಲಯಾಳದಲ್ಲಿಯೂ ಕನ್ನಡದಲ್ಲಿಯೂ, ಬರಹದಲ್ಲಿ ಸಿಗಬೇಕು. ಪೈವಳಿಕೆಯ ಫಲಕಗಳ ವಿಷಯದಲ್ಲಿಯೂ ಅಷ್ಟೇ. ಎಷ್ಟು ಎಕರೆ ನೆಲ ಹೋಯಿತು, ಎಷ್ಟು ವಿದ್ಯುತ್ತು ಬಂತು, ಅದರಿಂದ ಊರಿಗೇನಾಯಿತು ಎಂಬ ಲೆಕ್ಕ ಊರವರಿಗೆ ಗೊತ್ತಿರಬೇಕು.

ನಮ್ಮ ಮಕ್ಕಳು ಭಾಭಾ ಅವರಿಂದ ಕಲಿಯಬೇಕಾದದ್ದು ಈ ಲೆಕ್ಕದ ಬುದ್ಧಿಯನ್ನೇ. ಅವರು ತಮ್ಮ ಕಾಲದ ಉಗ್ರಾಣವನ್ನು ನೋಡಿ ಥೋರಿಯಂ ಕಂಡರು. ಇಂದಿನ ಉಗ್ರಾಣದಲ್ಲಿ ಬಿಸಿಲೂ ಸೇರಿದೆ. ಅವರಷ್ಟೇ ದೂರ ನೋಡುತ್ತ, ಅವರ ಕಾಲದಲ್ಲಿ ಹೊರಗೆ ನಿಂತ ಪ್ರಶ್ನೆಗಳನ್ನು ಒಳಗೆ ಕರೆದು ಕೂರಿಸಿ, ಹೊಸ ಲೆಕ್ಕ ಹಾಕುವ ಕೆಲಸ ಮುಂದಿನವರದು.